ಕೆಚ್ಚಿನ ಖಾನೆ, ಸೊಕ್ಕಿನ ಖಾನೆ

ಹಳೆಯ ಇಂಗ್ಲಿಷ್ ಪದಗಳನ್ನು ಅಕ್ಷರಗಳ ಸಾಲಿನಲ್ಲಿ ನಿಲ್ಲಿಸದೆ ಅರ್ಥದ ಮನೆಗಳಲ್ಲಿ ಕೂರಿಸಿ, ಪ್ರತಿಯೊಂದಕ್ಕೂ ನಮ್ಮ ಮಾತಿನಲ್ಲಿ ಸಮನಾದ ಪದ ಹುಡುಕಿ ಕೊಡುವ ಕೆಲಸ ನಮ್ಮ ಕೋಶ ಕಚೇರಿಯಲ್ಲಿ ಎರಡು ತಲೆಮಾರಿನಿಂದ ನಡೆದು ಬಂದಿದೆ. ಆ ಕೆಲಸದಲ್ಲಿ 'ಧೈರ್ಯ ಮತ್ತು ಉದ್ಧಟತನ' ಎಂಬ ವಿಭಾಗವನ್ನು ಮೂವತ್ತೊಂದು ವರ್ಷ ತಮ್ಮ ಹೆಗಲ ಮೇಲೆ ಹೊತ್ತು, ಅದನ್ನು ಕೆಳಗಿಳಿಸುವ ಮೊದಲೇ ವಯಸ್ಸಿನ ಕಾರಣಕ್ಕೆ ನಿವೃತ್ತರಾಗಬೇಕಾಗಿ ಬಂದ ನಮ್ಮ ಮೇಡಂ ಅವರನ್ನು ಈ ಕ್ಷೇತ್ರದಲ್ಲಿ ಯಾರ ಪಕ್ಕದಲ್ಲಿ ಕೂರಿಸಬೇಕೆಂದು ಯಾರಾದರೂ ಕೇಳಿದರೆ, ಅವರ ಪಕ್ಕದಲ್ಲಿ ಯಾರೂ ಕೂತು ಉಳಿಯಲಿಲ್ಲ ಎನ್ನುವುದೇ ನನ್ನ ಉತ್ತರ. ಬಂದವರು ಒಂದು ವರ್ಷ ಕೂತರು, ಎರಡು ವರ್ಷ ಕೂತರು, ಸೊಂಟ ಹಿಡಿಯಿತು ಎಂದು ಎದ್ದು ಹೋದರು. ಮುದ್ರಣಾಲಯದವರು ಅವರಿಗೆ 'ನಿಧಾನಮ್ಮ' ಎಂದು ಹೆಸರಿಟ್ಟಿದ್ದರು. ಹೆಸರಿಟ್ಟವರು ನಿವೃತ್ತರಾಗಿ ಅವರ ಜಾಗಕ್ಕೆ ಬಂದವರೂ ಆ ಹೆಸರನ್ನೇ ಮುಂದುವರಿಸಿದರು.

ಮೇಡಂ ಅವರಿಗಾಗಿ ತರುತ್ತಿರುವ ಈ ಅಭಿನಂದನಾ ಸಂಪುಟದ ಸಮಿತಿಯವರು ನನಗೆ ಕೆಲವು ಪುಟ ಕೊಟ್ಟಿದ್ದಾರೆ. ವಿನಯದಿಂದ ಬರೆಯಬೇಕು, ಹಳೆಯದನ್ನು ಕೆದಕಬಾರದು ಎಂದೂ ಹೇಳಿದ್ದಾರೆ. ಮೇಡಂ ಅವರ ಪಾಂಡಿತ್ಯದ ಬಗ್ಗೆ ಓದಿಕೊಂಡವರು ಬೇರೆ ಪುಟಗಳಲ್ಲಿ ಬರೆದಿದ್ದಾರೆ. ನಾನು ಒಂಬತ್ತನೇ ತರಗತಿಯ ಅರ್ಧದಲ್ಲಿ ಶಾಲೆ ಬಿಟ್ಟವನು. ಬೈಂಡಿಂಗ್ ಅಂಗಡಿಯಲ್ಲಿ ಹರಿದ ಇಂಗ್ಲಿಷ್ ಪುಸ್ತಕಗಳ ಹಾಳೆ ಜೋಡಿಸುತ್ತ ಜೋಡಿಸುತ್ತ ಓದು ಕಲಿತವನು. ನನಗೆ ಗೊತ್ತಿರುವುದೇ ಹಳೆಯದು, ಅದನ್ನು ಕೆದಕದೆ ಬರೆದರೆ ಕೊಟ್ಟ ಪುಟ ಖಾಲಿ ಉಳಿಯುತ್ತದೆ. ಬರೆದದ್ದಕ್ಕೆ ಕತ್ತರಿ ಹಾಕುವ ಅಧಿಕಾರ ಸಮಿತಿಗೆ ಇದೆ. ಆದರೆ ಈ ಸಂಪುಟಕ್ಕೆ ಕೊನೆಯಲ್ಲಿ ಹೊಲಿಗೆ ಹಾಕುವವನು ನಾನು ಎಂಬುದನ್ನು ಅವರು ಗಮನದಲ್ಲಿಟ್ಟುಕೊಳ್ಳಬೇಕೆಂದು ವಿನಯದಿಂದಲೇ ಕೋರುತ್ತೇನೆ.

ನಮ್ಮ ವಿಭಾಗ ಇರುವುದು ಕಟ್ಟಡದ ಹಿಂಭಾಗದಲ್ಲಿ, ಒಂದು ಕಾಲಕ್ಕೆ ಕಾಗದದ ಉಗ್ರಾಣವಾಗಿದ್ದ ಉದ್ದನೆಯ ಕೋಣೆಯಲ್ಲಿ. ಕಿಟಕಿ ಎರಡಿದ್ದು, ಒಂದು ತೆರೆಯುವುದಿಲ್ಲ, ಇನ್ನೊಂದು ಮುಚ್ಚುವುದಿಲ್ಲ. ಗೋಡೆಯುದ್ದಕ್ಕೂ ಮರದ ಖಾನೆಗಳ ಎರಡು ಸಾಲು. ಎದೆಯ ಎತ್ತರದ ಸಾಲು ಕೆಚ್ಚಿನದು: ಧೈರ್ಯ, ಎದೆಗಾರಿಕೆ, ದಿಟ್ಟತನ. ನೆಲಕ್ಕೆ ತಾಗಿದ ಸಾಲು ಸೊಕ್ಕಿನದು: ಉದ್ಧಟತನ, ಕೊಬ್ಬು, ತಲೆಹರಟೆ, ಅಧಿಕಪ್ರಸಂಗ. ಈ ಖಾನೆಗಳಲ್ಲಿ ಇರುವುದು ಚೀಟಿಗಳು. ಚೀಟಿ ಎಂದರೆ ಅಂಗೈ ಅಗಲದ ದಪ್ಪ ಕಾಗದ. ಮೇಲೆ ಒಂದು ಪದ, ನಡುವೆ ಆ ಪದ ಬಳಕೆಯಾದ ಹಳೆಯ ಪುಸ್ತಕದ ವಾಕ್ಯ, ಅದರ ಕೆಳಗೆ ಯಾರು ಯಾರನ್ನು ಕುರಿತು ಆಡಿದ ಮಾತು ಎಂಬ ಒಂದು ಸಾಲು, ತಳದಲ್ಲಿ ಎರಡು ಸಹಿ. ಎಡಗಡೆಯ ಮೊದಲ ಸಹಿ ಚೀಟಿ ಯಾವ ಖಾನೆಗೆ ಎಂದು ತೀರ್ಮಾನಿಸಿದವರದು. ಬಲಗಡೆಯ ಎರಡನೆಯದು ಆ ತೀರ್ಮಾನವನ್ನು ಓದಿ ಒಪ್ಪಿದ ಇನ್ನೊಬ್ಬ ಸಂಪಾದಕರದು. ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗುಬಿಟ್ಟ ಹನ್ನೆರಡು ನಿಯಮಗಳಲ್ಲಿ ಏಳನೆಯದು ಹೀಗಿದೆ: ಮೊದಲ ಸಹಿ ಇಲ್ಲದ ಚೀಟಿಗೆ ಎರಡನೆಯ ಸಹಿ ಹಾಕತಕ್ಕದ್ದಲ್ಲ. ಮೊದಲ ಸಹಿ ಹಾಕಲು ಪದವಿ ಇರಬೇಕು ಎನ್ನುವುದು ಆ ಹನ್ನೆರಡರಲ್ಲಿ ಎಲ್ಲಿಯೂ ಇಲ್ಲ. ಅದು ಬರೆಯದೆಯೇ ಎಲ್ಲರಿಗೂ ಗೊತ್ತಿದ್ದ ನಿಯಮ.

ಈ ಪದಗಳ ಸ್ವಭಾವವನ್ನು ಒಂದೆರಡು ಮಾತಿನಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. 'ಮ್ಯಾಲಪರ್ಟ್' ಎಂಬ ಪದ ಬಂದರೆ ಕಷ್ಟವಿಲ್ಲ. ಅದು ನಮ್ಮ ಅಧಿಕಪ್ರಸಂಗಿಯೇ, ಕಣ್ಣುಮುಚ್ಚಿ ಕೆಳಗಿನ ಸಾಲಿಗೆ ಹಾಕಬಹುದು. 'ಸರ್ಕ್ವಿಡ್ರಿ'ಯೂ ಹಾಗೆಯೇ, ನೆತ್ತಿಗೇರಿದ ಸೊಕ್ಕು. ಆದರೆ 'ಸ್ಟೌಟ್' ಎಂಬುದು ಇಂದು ದಪ್ಪಗಿರುವವರಿಗೆ ಹೇಳುವ ಪದವಾದರೂ ಆ ಕಾಲದಲ್ಲಿ ಶೂರನಿಗೂ ಸಲ್ಲುತ್ತಿತ್ತು, ದುರಹಂಕಾರಿಗೂ ಸಲ್ಲುತ್ತಿತ್ತು. 'ಹಾರ್ಡಿ', 'ಬೋಲ್ಡ್' ಕೂಡ ಹೀಗೆ ಎರಡು ಮನೆಯ ನೆಂಟರು. ಇಂಥ ಪದದ ಪ್ರತಿಯೊಂದು ಚೀಟಿಯನ್ನೂ ಓದಿ, ಇಲ್ಲಿ ಇದು ಹೊಗಳಿಕೆಯೋ ಬೈಗುಳವೋ ಎಂದು ನೋಡಿ, ಮೇಲಕ್ಕೋ ಕೆಳಕ್ಕೋ ಹಾಕಬೇಕು. ಮೇಡಂ ಮೂವತ್ತೊಂದು ವರ್ಷ ಮಾಡಿದ್ದು ಇದನ್ನೇ. ಕೆಳಗಿನ ಸಾಲು ಯಾವಾಗಲೂ ಬೇಗ ತುಂಬುತ್ತಿತ್ತು. ಅದಕ್ಕಾಗಿ ಅವರು ಗೇಣು ಎತ್ತರದ ಒಂದು ಮಣೆಯ ಮೇಲೆ ಕೂತು ಕೆಲಸ ಮಾಡುತ್ತಿದ್ದರು, ಏಳುವಾಗ ಖಾನೆಯ ಅಂಚು ಹಿಡಿದು ಏಳುತ್ತಿದ್ದರು. ಆ ಅಂಚಿನ ಬಣ್ಣ ಅವರ ಕೈ ತಾಗಿ ತಾಗಿ ಹೋಗಿದೆ.

ಏಳು ವರ್ಷದ ಹಿಂದೆ, ಹತ್ತೊಂಬತ್ತನೇ ವಯಸ್ಸಿನಲ್ಲಿ, ನಾನು ಪುಸ್ತಕ ಹೊಲಿದು ಅಂಟು ಹಚ್ಚುವ ಕೆಲಸಕ್ಕೆ ಅಲ್ಲಿಗೆ ಸೇರಿದೆ. ಎಷ್ಟು ಓದಿದ್ದೀಯ ಎಂದು ಎಲ್ಲರೂ ಕೇಳಿದರು. ಮೇಡಂ ಒಬ್ಬರೇ ಏನು ಓದಿದ್ದೀಯ ಎಂದು ಕೇಳಿದರು. ಕೈಬರಹ ನೋಡಿ, ಶಾಯಿ ಮಾಸಿದ ಹಳೆಯ ಚೀಟಿಗಳನ್ನು ಹೊಸದಾಗಿ ನಕಲು ಮಾಡುವ ಕೆಲಸಕ್ಕೂ ಹಾಕಿಕೊಂಡರು. ತಮ್ಮ ಸ್ವಂತ ಅರ್ಥಕೋಶವನ್ನು, ಅಂಚಿನ ತುಂಬ ಅವರದೇ ಟಿಪ್ಪಣಿಗಳಿದ್ದದ್ದನ್ನು, ನನ್ನ ಮೇಜಿನ ಮೇಲಿಟ್ಟು, ಅದರ ಬೆನ್ನು ಸಡಿಲಾಗಿದೆ, ಸರಿಮಾಡಲು ಎಷ್ಟು ದಿನ ಬೇಕೋ ಅಷ್ಟು ದಿನ ಇಟ್ಟುಕೋ ಎಂದರು. ಬೆನ್ನು ಗಟ್ಟಿಯಾಗಿಯೇ ಇತ್ತು. ಅದು ನನಗೆ ಒಂದು ವರ್ಷದ ನಂತರ ಹೊಳೆಯಿತು.

ನಕಲು ಮಾಡುವವನು ಎಲ್ಲವನ್ನೂ ಓದುತ್ತಾನೆ. ಎರಡೂವರೆ ವರ್ಷದಲ್ಲಿ ನನ್ನ ಕಣ್ಣಿಗೆ ಒಂದು ಸಂಗತಿ ಬಿತ್ತು. ಸೇನಾಪತಿ 'ಸ್ಟೌಟ್' ಆದರೆ ಚೀಟಿ ಮೇಲಿನ ಸಾಲಿನಲ್ಲಿ ಇರುತ್ತಿತ್ತು; ಮನೆಗೆಲಸದವಳು 'ಸ್ಟೌಟ್' ಆದರೆ ಕೆಳಗಿನ ಸಾಲಿನಲ್ಲಿ. ಧಣಿ ಅರಸನಿಗೆ ಎದುರಾಡಿದರೆ ಎದೆಗಾರಿಕೆ, ಆಳು ಧಣಿಗೆ ಎದುರಾಡಿದರೆ ಕೊಬ್ಬು. ಪದ ಒಂದೇ, ವಾಕ್ಯದ ಧಾಟಿ ಒಂದೇ. ಕೆಲಸಕ್ಕಿದ್ದವರು, ಹೆಂಗಸರು, ಕಸಬು ಕಲಿಯುತ್ತಿದ್ದವರು, ಎಲ್ಲರೂ ನೆಲಕ್ಕೆ ತಾಗಿದ ಸಾಲಿನಲ್ಲಿ ಒತ್ತೊತ್ತಾಗಿ ಕೂತಿದ್ದರು. ಮೇಲಿನ ಸಾಲಿನಲ್ಲಿ ಗಾಳಿ ಆಡುತ್ತಿತ್ತು.

ನಾನು ಇದನ್ನು ಮೊದಲು ಹೇಳಿದ್ದು ಉಪಸಂಪಾದಕರಿಗೆ, ಮೇಡಂ ಅವರ ನಂತರದ ಸ್ಥಾನದಲ್ಲಿದ್ದವರಿಗೆ. ಅವರು ತಲೆ ಎತ್ತದೆ ಹೇಳಿದರು: "ನಿನ್ನ ಕೆಲಸ ಅಂಟು ಹಚ್ಚೋದು. ಅಂಟು ಹಚ್ಚು."

ಆಗ ಮೇಡಂ ಅವರ ತಂಗಿಗೆ ಶಸ್ತ್ರಚಿಕಿತ್ಸೆ ಆಗಿ, ಅವರು ಮೂರು ದಿನ ರಜೆಯಲ್ಲಿದ್ದರು. ಆ ಮೂರು ದಿನ ನಾನು ಅಂಟು ಹಚ್ಚಲಿಲ್ಲ. ಕೆಳಗಿನ ಸಾಲಿನ ಮುಂದೆ ಅದೇ ಮಣೆಯ ಮೇಲೆ ಕೂತು, ಆಳು, ದಾಸಿ, ಅಡುಗೆಯವಳು, ಕುದುರೆ ನೋಡುವವನು ಎಂದು ಕಂಡ ಒಂದೊಂದು ಚೀಟಿಯನ್ನೂ ಎಳೆದು ಮೇಲಿನ ಸಾಲಿಗೆ ಏರಿಸಿದೆ. ಎಣಿಸಿದ್ದೆ, ನಾನೂರ ಹನ್ನೆರಡು. ತಾರೀಖಿನ ಕ್ರಮದಲ್ಲಿ ಒಳಗೆ ಸೇರಿಸಿದ್ದರಿಂದ ಯಾವುದು ಮೊದಲಿಂದ ಮೇಲಿತ್ತು, ಯಾವುದು ಹೊಸದಾಗಿ ಬಂತು ಎಂದು ಆಮೇಲೆ ನನಗೂ ಹೇಳಲಾಗುತ್ತಿರಲಿಲ್ಲ. ಚೀಟಿಯ ಮೇಲೆ ಖಾನೆಯ ಹೆಸರು ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಚೀಟಿ ಎಲ್ಲಿದೆಯೋ ಅದೇ ತೀರ್ಮಾನ. ಕೋಶದಲ್ಲಿ ನಮ್ಮ ವಿಭಾಗದ ಸಂಪುಟ ಆ ವರ್ಷದ ಕೊನೆಗೆ ಅಚ್ಚಿಗೆ ಹೋಗಬೇಕಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ನಾಲ್ಕನೇ ದಿನ ಮೇಡಂ ಬಂದರು, ಚೀಲ ಇಟ್ಟರು, ಮೇಲಿನ ಸಾಲಿನಿಂದ ಒಂದು ಹಿಡಿ ಚೀಟಿ ತೆಗೆದು ನಿಂತೇ ಓದಿದರು. ಆಮೇಲೆ ಮಣೆಯ ಮೇಲೆ ಕೂತರು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಬೈಗುಳಕ್ಕೆ ನಾನು ಉತ್ತರ ಸಿದ್ಧ ಮಾಡಿಕೊಂಡೇ ನಿಂತಿದ್ದೆ.

"ಯಾವುದು ಎಲ್ಲಿತ್ತು ಅಂತ ಬರೆದಿಟ್ಕೊಂಡಿದ್ದೀಯಾ?"

"ಇಲ್ಲ."

"ಸರಿ. ಹೋಗಿ ಚಹಾ ಕುಡಿದು ಬಾ. ನನಗೂ ಒಂದು ತಗೊಂಡು ಬಾ."

ಸಿದ್ಧ ಮಾಡಿಕೊಂಡಿದ್ದ ಉತ್ತರವನ್ನು ಹಾಗೇ ಹೊತ್ತುಕೊಂಡು ಹೋಗಿ ಎರಡು ಚಹಾ ತಂದೆ.

ಮರುವಾರ ಕೋಶದ ಸಮಿತಿ ಸೇರಿತು. ನನ್ನನ್ನು ಆ ದಿನವೇ ಮನೆಗೆ ಕಳಿಸಬೇಕೆಂದು ಉಪಸಂಪಾದಕರು ಬರೆದು ಕೊಟ್ಟಿದ್ದರು. ಒಳಗೆ ನಡೆದದ್ದು ನನಗೆ ತಿಳಿದದ್ದು ನಡಾವಳಿ ಬೆರಳಚ್ಚು ಮಾಡಿದ ಟೈಪಿಸ್ಟ್ ಅಕ್ಕನಿಂದ. ಮೇಡಂ ಎದ್ದು ನಿಂತು, ಆ ಚೀಟಿಗಳ ಮೊದಲ ಸಹಿ ನನ್ನದು, ಹುಡುಗ ತಪ್ಪು ಮಾಡಿದ್ದಾನೆ, ಆದರೆ ಅವನಿಗಿಂತ ಮೊದಲು ತಪ್ಪು ಮಾಡಿದವಳು ನಾನು, ಎರಡನ್ನೂ ನನ್ನ ಹೆಸರಿಗೆ ಬರೆದುಕೊಳ್ಳಿ ಎಂದರಂತೆ. ಬರೆದುಕೊಂಡರು. ಆ ವರ್ಷ ತೆರವಾದ ಪ್ರಧಾನ ಸಂಪಾದಕರ ಕುರ್ಚಿಗೆ ಅವರದೇ ಸರದಿ ಇತ್ತು. ಅದಕ್ಕೆ ಹೊರಗಿನಿಂದ ಯಾರನ್ನೋ ತಂದು ಕೂರಿಸಿದರು. ಸಂಪುಟ ಅಚ್ಚಿಗೆ ಹೋಗಲಿಲ್ಲ. ಹನ್ನೊಂದು ಸಾವಿರ ಚೀಟಿಗಳನ್ನೂ ಮೊದಲಿಂದ ನೋಡಬೇಕಾಯಿತು. ಟೈಪಿಸ್ಟ್ ಅಕ್ಕ ಇದನ್ನೆಲ್ಲ ಹೇಳಿ, "ನೀನು ಹಚ್ಚಿದ ಪಟಾಕಿ, ಕೈ ಸುಟ್ಟಿದ್ದು ಅವರದ್ದು" ಎಂದರು. ಅಂದಿನಿಂದ ಕಚೇರಿಯಲ್ಲಿ ನನ್ನ ಹೆಸರು ಪಟಾಕಿ.

ನಾನು ಹೋಗಿ ಮೇಡಂ ಅವರ ಮುಂದೆ ನಿಂತೆ. ಕ್ಷಮೆ ಕೇಳಲು ಹೋಗಿದ್ದೆನೋ ಜಗಳ ಆಡಲು ಹೋಗಿದ್ದೆನೋ ನನಗೇ ಗೊತ್ತಿರಲಿಲ್ಲ. ಅವರು ಒಂದು ಚೀಟಿ ಕೊಟ್ಟು ಓದು ಎಂದರು. ನಾನು ಮೇಲೇರಿಸಿದ್ದೇ. ಪದ 'ಹಾರ್ಡಿ'. ಮೇಸ್ತ್ರಿಯೊಬ್ಬ ಒಡೆಯನ ಹೆಸರು ಹೇಳಿಕೊಂಡು ಬಟ್ಟೆ ಒಗೆಯುವವಳ ಕೈಯಿಂದ ಅವಳ ಕೂಲಿಯ ಧಾನ್ಯ ಕಿತ್ತುಕೊಂಡದ್ದು, ಅವಳು ಅವನಿಗೆ ಆ ಪದ ಆಡಿದ್ದು. ಮೇಸ್ತ್ರಿಯೂ ಕೆಲಸದವನೇ. ಕೆಲಸದವನು ಎಂದು ಕಂಡದ್ದೇ ನಾನು ಅವನನ್ನು ಶೂರರ ಪಕ್ಕದಲ್ಲಿ ಕೂರಿಸಿದ್ದೆ.

"ನಿನ್ನ ಕೋಪ ಸರಿಯಾಗೇ ಇದೆ," ಮೇಡಂ ಹೇಳಿದರು. "ಆದ್ರೆ ನಾವು ಮಾಡಿದ್ದನ್ನೇ ನೀನೂ ಮಾಡಿದ್ದೀಯ. ಆಳು ಅಂತ ಕಂಡ ತಕ್ಷಣ ನಾನು ಕೆಳಗಿಟ್ಟೆ, ನೀನು ಮೇಲಿಟ್ಟೆ. ಅವನು ಏನು ಮಾಡಿದ ಅಂತ ನಾನೂ ಓದಲಿಲ್ಲ, ನೀನೂ ಓದಲಿಲ್ಲ."

ಇಷ್ಟು ವರ್ಷ ನನಗೆ ಪಾಠ ಹೇಳಿದವರಲ್ಲಿ 'ನಾನು' ಎಂದು ಶುರು ಮಾಡಿದವರು ಅವರೊಬ್ಬರೇ.

ಅಲ್ಲಿಂದ ನಮ್ಮ ಕೆಲಸದ ಕ್ರಮವೇ ಬದಲಾಯಿತು. ಬೈಂಡಿಂಗ್ ರಟ್ಟಿನಿಂದ ಎರಡು ಬೆರಳಗಲದ ಒಂದು ಪಟ್ಟಿ ಕತ್ತರಿಸಲು ಹೇಳಿದರು. ಅದಕ್ಕೆ ನಾವು ಮುಸುಕು ಎಂದು ಹೆಸರಿಟ್ಟೆವು. ನಾನು ಚೀಟಿ ಹಿಡಿದು, ಯಾರು ಯಾರಿಗೆ ಎಂಬ ಸಾಲಿನ ಮೇಲೆ ಮುಸುಕು ಹಾಕಿ, ವಾಕ್ಯದೊಳಗೆ ಧಣಿ, ದಾಸಿ ಎಂದು ಬಂದಲ್ಲಿ 'ಒಬ್ಬರು' ಎಂದಷ್ಟೇ ಓದುವುದು. ಏನು ನಡೆಯಿತು, ಯಾರಿಗೆ ಪೆಟ್ಟಾಯಿತು ಎಂಬುದನ್ನಷ್ಟೇ ಕೇಳಿ ಅವರು ಮೇಲೋ ಕೆಳಗೋ ಹೇಳುವುದು. ಆಮೇಲೆ ಮುಸುಕು ತೆಗೆಯುವುದು. ವಾಕ್ಯ ಚಿಕ್ಕದಾದರೆ ಮೂಲ ಪುಸ್ತಕ ತರಿಸಿ ಹಿಂದಿನ ಮುಂದಿನ ಪುಟ ಓದುವುದು. ದಿನಕ್ಕೆ ಹತ್ತು ಚೀಟಿ, ಹನ್ನೆರಡು ಚೀಟಿ. ಮೊದಲ ಸಹಿ ಅವರದು. ಎರಡನೆಯದನ್ನು ಉಪಸಂಪಾದಕರು ಶನಿವಾರ ಮಧ್ಯಾಹ್ನ ಒಟ್ಟಿಗೆ, ಫೋನಿನಲ್ಲಿ ಮಾತಾಡುತ್ತಲೇ ಹಾಕಿ ಕೊಡುತ್ತಿದ್ದರು.

ಹೀಗೆ ನಾಲ್ಕು ವರ್ಷ. ನೆನಪಿದ್ದಷ್ಟರಲ್ಲಿ ಹೇಳುವುದಾದರೆ, ನಾನು ಏರಿಸಿದವುಗಳಲ್ಲಿ ಅರ್ಧದಷ್ಟು ಮತ್ತೆ ಕೆಳಗಿಳಿದವು, ಅರ್ಧ ಮೇಲೆಯೇ ನಿಂತವು. ಯಾರೂ ಎಣಿಸದೇ ಇದ್ದದ್ದು ಇನ್ನೊಂದಿತ್ತು. ಮುಸುಕು ತೆಗೆದಾಗ ಮೇಲಿನ ಸಾಲಿನ ಎಷ್ಟೋ ಧಣಿಗಳು, ಸೇನಾಪತಿಗಳು, ಕಣಜಕ್ಕೆ ಬೆಂಕಿ ಇಟ್ಟವರು, ದೂತನ ಗಡ್ಡ ಬೋಳಿಸಿದವರು, ಒಬ್ಬೊಬ್ಬರಾಗಿ ನೆಲದ ಸಾಲಿಗೆ ಇಳಿದರು. ಮೊದಲ ಸೇನಾಪತಿ ಇಳಿದ ದಿನ ಮೇಡಂ ನಕ್ಕರು. ಆ ನಾಲ್ಕು ವರ್ಷದಲ್ಲಿ ಅವರು ನಕ್ಕದ್ದನ್ನು ನಾನು ಎರಡು ಸಲ ಕಂಡಿದ್ದೇನೆ.

ಎರಡನೆಯ ಸಲ ನಗಿಸಿದ್ದು ನನ್ನ ಅಮ್ಮ. ಮಗ ದಿನವಿಡೀ ಏನು ಮಾಡುತ್ತಾನೆ ಎಂದು ನೋಡಲು ಬಂದಿದ್ದಳು. ಮೇಡಂ ತಮ್ಮ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ತಾವು ಮಣೆಯ ಮೇಲೆ ಕೂತು, 'ಮ್ಯಾಲಪರ್ಟ್' ಖಾನೆ ತೆರೆದು ಇದು ಅಧಿಕಪ್ರಸಂಗಿಗೆ ಹೇಳುವ ಪದ, ಇದಕ್ಕೇ ಇಷ್ಟು ಚೀಟಿ ಎಂದು ತೋರಿಸಿದರು. ಅಮ್ಮ ಗಂಭೀರವಾಗಿ ನೋಡಿ, "ಇಷ್ಟೆಲ್ಲ ಯಾಕೆ ಮೇಡಂ, ಇವನ ಫೋಟೋ ಒಂದು ಅಂಟಿಸಿದ್ರೆ ಸಾಕಿತ್ತಲ್ಲ" ಎಂದಳು. "ಅಂಟು ಹಚ್ಚೋನೂ ಇವನೇ ನೋಡಿ, ಒಪ್ಪಬೇಕಲ್ಲ," ಎಂದರು ಮೇಡಂ.

ನಾನು ಮುಖ ಊದಿಸಿಕೊಂಡು ಮಾತು ಬಿಟ್ಟ ದಿನಗಳೂ ಇದ್ದವು, ಬಹಳ ಇದ್ದವು. ಅಂಥ ಒಂದು ದಿನ ಅವರು ನನ್ನ ಮೇಜಿನ ಮೇಲೆ ಒಂದು ಚೀಟಿ ಇಟ್ಟು ಹೋದರು. 'ಮೂಡಿ'. ಇಂದು ಸಿಡುಕನಿಗೆ, ಮುನಿದು ಕೂತವನಿಗೆ ಹೇಳುವ ಪದ. ಅದರ ಅತಿ ಹಳೆಯ ರೂಪದ ಅರ್ಥ, ಧೈರ್ಯವಂತ. ತಳದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು: ಪದ ಕೆಳಗಿಳಿಯಲು ನೂರಾರು ವರ್ಷ ಹಿಡಿಯಿತು, ನೀನು ಮೂರೇ ದಿನದಲ್ಲಿ ಇಳಿಯಬೇಡ.

ಈ ವರ್ಷದ ಆರಂಭಕ್ಕೆ ಅವರು ದಣಿದಿದ್ದರು. ದಣಿದಿದ್ದರು ಎಂದು ಬರೆಯುವುದು ಸುಲಭ. ಮಣೆಯಿಂದ ಏಳಲು ಎರಡು ಸಲ ಪ್ರಯತ್ನಿಸಿ, ಮೂರನೆಯ ಸಲಕ್ಕೆ ಏಳದೆ, ಇನ್ನೆರಡು ಚೀಟಿ ಓದಿಬಿಡು ಎನ್ನುತ್ತಿದ್ದರು. ನಾನೂ ದಣಿದಿದ್ದೆ, ಇಪ್ಪತ್ತಾರನೇ ವಯಸ್ಸಿಗೆ ಹಾಗೆ ದಣಿಯಬಾರದು. ನಿವೃತ್ತಿಗೆ ಆರು ವಾರ ಇದ್ದಾಗ ಉಳಿದದ್ದು ಆರುನೂರ ನಲವತ್ತು ಚೀಟಿ, ಎಲ್ಲ ಎರಡು ಮನೆಯ ನೆಂಟರೇ. ಇನ್ನು ಎರಡು ತಿಂಗಳು ಮುಂದುವರಿಸಬೇಕೆಂದು ಅವರು ಮನವಿ ಕೊಟ್ಟರು. ಸಮಿತಿ ಒಪ್ಪಲಿಲ್ಲ. ಉಪಸಂಪಾದಕರು ಸಭೆಯಲ್ಲಿಯೇ ಹೇಳಿದರಂತೆ, ಉಳಿದದ್ದನ್ನು ಹಳೆಯ ರೀತಿಯಲ್ಲಿ ಒಂದು ವಾರದಲ್ಲಿ ಮುಗಿಸಿ ಅಚ್ಚಿಗೆ ಕಳಿಸಬಹುದು ಎಂದು. ಹಳೆಯ ರೀತಿ ಎಂದರೆ ಮುಸುಕು ಇಲ್ಲದೆ. ಧಣಿ ಮೇಲೆ, ದಾಸಿ ಕೆಳಗೆ. ಮೇಡಂ ತಮ್ಮ ತಪ್ಪು ತಿದ್ದಿಕೊಳ್ಳಲು ಕೊಟ್ಟ ನಾಲ್ಕು ವರ್ಷದ ಬಾಲಕ್ಕೆ ಆ ತಪ್ಪನ್ನೇ ಗಂಟು ಹಾಕಿ, ಅವರ ಹೆಸರಿನಲ್ಲೇ ಅಚ್ಚು ಹಾಕುವುದು. ನಾನು ಅಂದು ಮನೆಗೆ ನಡೆದು ಹೋದೆ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದಿದ್ದರೆ ಹೊಡೆದುಬಿಡುತ್ತಿದ್ದೆ.

ಆ ಆರು ವಾರ ಅವರು ಮುಸುಕಿನ ಓದು ನಿಲ್ಲಿಸಿ, ನನ್ನನ್ನು ಕರೆಯದೆ ಒಬ್ಬರೇ ಮಣೆಯ ಮೇಲೆ ಕೂತು ಏನೋ ಬರೆಯುತ್ತಿದ್ದರು. ನನ್ನ ಮೇಲೆ ಬೇಸರವಾಗಿದೆ ಎಂದುಕೊಂಡೆ. ಕೊನೆಯ ದಿನ ಹಾರ ಹಾಕಿದರು, ಉಪಸಂಪಾದಕರು ಮೇಡಂ ಅವರ ಸಹನೆಯನ್ನು ಹೊಗಳಿದರು. ಹೋಗುವಾಗ ಮೇಡಂ ಖಾನೆಗಳ ಬೀಗದ ಕೈ ನನ್ನ ಕೈಗೆ ಕೊಟ್ಟರು, ಮುಸುಕನ್ನೂ ಕೊಟ್ಟರು.

ಮರುದಿನ ಬೆಳಿಗ್ಗೆ ಕೊನೆಯ ಖಾನೆ ತೆರೆದೆ. ಆರುನೂರ ನಲವತ್ತು ಚೀಟಿಗಳಿದ್ದವು. ಪ್ರತಿಯೊಂದರ ತಳದಲ್ಲಿ ಬಲಗಡೆ, ಎರಡನೆಯ ಸಹಿಯ ಜಾಗದಲ್ಲಿ, ಮೇಡಂ ಅವರ ಸಹಿ ಇತ್ತು. ಎಡಗಡೆ, ತೀರ್ಮಾನಿಸಿದವರ ಜಾಗ ಖಾಲಿ. ಮೂವತ್ತೊಂದು ವರ್ಷದಲ್ಲಿ ಆ ಗೋಡೆಯ ಮೇಲಿನ ಒಂದು ನಿಯಮವನ್ನೂ ಮುರಿಯದವರು ಏಳನೆಯದನ್ನು ಆರುನೂರ ನಲವತ್ತು ಸಲ ಮುರಿದಿದ್ದರು. ನಾನು ಇನ್ನೂ ಮಾಡದ ತೀರ್ಮಾನವನ್ನು ಓದದೆಯೇ ಒಪ್ಪಿದ್ದರು. ಆ ಮಣೆಯ ಮೇಲೆ ಕೂತು ನಾನು ಮೊದಲ ಚೀಟಿ ಹೊರತೆಗೆದೆ.

ಉಪಸಂಪಾದಕರು ಬಂದು ಒಂದು ಚೀಟಿ ಎತ್ತಿ ನೋಡಿದರು.

"ಮೊದಲ ಸಹಿ ಎಲ್ಲಿ?"

"ಹಾಕ್ತೀನಿ ಸಾರ್."

"ನೀನಾ? ಯಾವ ಅಧಿಕಾರದ ಮೇಲೆ?"

ಗೋಡೆಯ ಚೌಕಟ್ಟು ಇಳಿಸಿ ಅವರ ಕೈಗೆ ಕೊಟ್ಟೆ. ನನಗೆ ತಡೆ ಹಾಕುವ ನಿಯಮ ಹನ್ನೆರಡರಲ್ಲಿ ಯಾವುದೆಂದು ತೋರಿಸಲು ಕೇಳಿದೆ. ಅವರು ಎರಡು ಸಲ ಓದಿ ಚೌಕಟ್ಟನ್ನು ಮೇಜಿನ ಮೇಲಿಟ್ಟು, ಇದು ಸಮಿತಿಯ ಮುಂದೆ ಬರುತ್ತದೆ ಎಂದು ಹೇಳಿ ಹೋದರು. ಬರಲಿ. ಈ ಎರಡು ತಿಂಗಳು, ಊಟದ ಬಿಡುವಿನಲ್ಲಿ, ಕಚೇರಿ ಮುಗಿದ ಮೇಲೂ, ಟೈಪಿಸ್ಟ್ ಅಕ್ಕ ಮುಸುಕು ಹಾಕಿ ಓದಿದ್ದಾರೆ, ನಾನು ಕೇಳಿ ಸಹಿ ಹಾಕಿದ್ದೇನೆ. ಒಂದೊಂದನ್ನೂ ಓದಿಯೇ ಹಾಕಿದ್ದೇನೆ. ಆಳನ್ನು ನೋಡಿ ಹಾಕಿಲ್ಲ, ಧಣಿಯನ್ನು ನೋಡಿಯೂ ಹಾಕಿಲ್ಲ. ಆ ಸಹಿಗಳು ನಿಲ್ಲುತ್ತವೆಯೋ ಇಲ್ಲವೋ ಬರುವ ಸಭೆಯಲ್ಲಿ ತಿಳಿಯುತ್ತದೆ. ಅವುಗಳನ್ನು ಹೊಡೆದು ಹಾಕುವವರು ಪ್ರತಿಯೊಂದರಲ್ಲೂ ಪಕ್ಕದ ಸಹಿಯನ್ನೂ ಹೊಡೆದು ಹಾಕಬೇಕು, ಅದು ಯಾರದೆಂದು ಈ ಅಭಿನಂದನಾ ಸಂಪುಟ ಓದಿದವರೆಲ್ಲರಿಗೂ ಈಗ ಗೊತ್ತು.

ಆರುನೂರ ಮೂವತ್ತೊಂಬತ್ತಕ್ಕೆ ಸಹಿ ಹಾಕಿದ್ದೇನೆ ಮೇಡಂ. ಒಂದು ಉಳಿದಿದೆ. ಪದ 'ಬೋಲ್ಡ್'. ಮುದುಕಿ ದಾದಿಯೊಬ್ಬಳು ಸಾಯುತ್ತಿರುವ ಒಡೆಯನ ಕೋಣೆಯ ಬಾಗಿಲು ಹಾಕಿ, ಅವನ ಗಂಡುಮಕ್ಕಳನ್ನು ಒಳಗೆ ಬಿಡದೆ ಹೊಸ್ತಿಲಲ್ಲಿ ಕೂತಳಂತೆ. ಒಳಗಿದ್ದವನು ಏನು ಕೇಳಿದ್ದನೆಂದು ವಾಕ್ಯ ಹೇಳುವುದಿಲ್ಲ. ಮೂಲ ಪುಸ್ತಕದಲ್ಲಿ ಮುಂದಿನ ಹಾಳೆ ಹರಿದುಹೋಗಿದೆ. ಟೈಪಿಸ್ಟ್ ಅಕ್ಕ ಮೇಲೆ ಎನ್ನುತ್ತಾರೆ, ನಾನು ಒಂದು ದಿನ ಮೇಲೆ ಎನ್ನುತ್ತೇನೆ, ಒಂದು ದಿನ ಕೆಳಗೆ. ಇದನ್ನು ನಾನೊಬ್ಬನೇ ತೀರ್ಮಾನಿಸಲಾರೆ.

ಆದ್ದರಿಂದ ನಿಮಗೆ ದೀರ್ಘಾಯುಷ್ಯ ಕೋರುವುದರಲ್ಲಿ ನನ್ನ ಸ್ವಾರ್ಥವೂ ಇದೆ. ನಿಮ್ಮ ಮಂಡಿನೋವು ಕಡಿಮೆಯಾಗಲಿ, ಕಣ್ಣು ನಿಚ್ಚಳವಾಗಿರಲಿ, ನಮ್ಮ ಕೋಶದ ಸಂಪುಟ ಅಚ್ಚಾಗಿ ಕೈಗೆ ಬರುವವರೆಗೆ, ಬಂದ ಮೇಲೆ ಅದರ ತಪ್ಪುಗಳನ್ನು ಎತ್ತಿ ಆಡುವವರಿಗೆ ನೀವೇ ಎದುರುತ್ತರ ಕೊಡುವವರೆಗೆ, ಆಮೇಲೂ ಬಹಳ ಕಾಲ ನೀವು ಚೆನ್ನಾಗಿರಬೇಕು. ಬಿಡುವಾದಾಗ ಒಂದು ಮಧ್ಯಾಹ್ನ ಬನ್ನಿ. ಮಣೆಯನ್ನು ನಾನು ತೆಗೆದುಬಿಟ್ಟಿದ್ದೇನೆ, ಅದು ಇನ್ನು ಬೇಕಾಗುವುದಿಲ್ಲ. ಕಳೆದ ಭಾನುವಾರ ಗರಗಸ, ಮೊಳೆ ತಂದು, ನೆಲಕ್ಕೆ ತಾಗಿದ್ದ ಸೊಕ್ಕಿನ ಸಾಲನ್ನು ಪೂರ್ತಿ ಬಿಚ್ಚಿ, ಕುರ್ಚಿಯಲ್ಲಿ ಕೂತರೆ ಕೈಗೆ ಸಿಗುವಷ್ಟು ಎತ್ತರಕ್ಕೆ ಏರಿಸಿದ್ದೇನೆ.

ಯಾರನ್ನೂ ಕೇಳಲಿಲ್ಲ.